ಹಬ್ಬ ಮುಗಿದ ಮೇಲಿನ ಉಪವಾಸ

ಅಧ್ಯಕ್ಷರಾದ ಯಹ್ಯಾ ಸಾಹೇಬರೇ, ವೇದಿಕೆಯ ಮೇಲಿನ ಹಿರಿಯರೇ, ದಮ್ಮಾಮ್, ಖತೀಫ್ ಕಡೆಯಿಂದ ಬಂದ ಕನ್ನಡ ಬಂಧುಗಳೇ, ಮುಂದಿನ ಸಾಲಿನಲ್ಲಿ ಗಡಿಯಾರ ನೋಡುತ್ತಿರುವ ನನ್ನ ಹೆಂಡತಿ ನ್ಯಾನ್ಸಿಯೇ, ಸಭಿಕರೇ,

ಖತೀಫಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಇಪ್ಪತ್ತಾರು ವರ್ಷ ರಕ್ತಪರೀಕ್ಷೆ ಮಾಡಿದವನು ನಾನು. ಈ ಸಭೆಯಲ್ಲಿ ನಾನು ಸೂಜಿ ಚುಚ್ಚದ ತೋಳುಗಳು ಕಡಿಮೆ. ಆದರೂ ಬೀಳ್ಕೊಡುಗೆಯ ಶಾಲು ಹೊದಿಸಿದ್ದೀರಿ, ನಿಮ್ಮದು ದೊಡ್ಡ ಮನಸ್ಸು.

ಅಧ್ಯಕ್ಷರು ಈಗಷ್ಟೇ ಹೇಳಿದರು: "ಸಲ್ವಾದೋರ್ ಬಾಯಿಂದ ಒಬ್ಬರ ರಿಪೋರ್ಟು ಇನ್ನೊಬ್ಬರ ಕಿವಿಗೆ ಹೋದದ್ದಿಲ್ಲ." ಚಪ್ಪಾಳೆ ಬಿತ್ತು. ಬಾಯಿಯ ಮಟ್ಟಿಗೆ ಆ ಮಾತು ನಿಜ. ಆದರೆ ಕೈಯ ವಿಷಯ ಹೇಳದೆ ಈ ಶಾಲು ಹೊದ್ದು ಊರಿಗೆ ಹೋಗಲಾರೆ.

ನಮ್ಮಲ್ಲಿ ನೆಲ ಒರೆಸಲು ಇಥಿಯೋಪಿಯಾದ ಒಬ್ಬಾಕೆ ಇದ್ದಳು. ಹೆಸರು ಹೇಳುವುದಿಲ್ಲ. ದಿನಾ ಬೆಳಿಗ್ಗೆ ಕಾಫಿಬೀಜ ಹುರಿದು, ಕುಟ್ಟಿ, ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲುಗಳಲ್ಲಿ ನಮಗೆಲ್ಲ ಸುರಿಯುತ್ತಿದ್ದಳು. ಅವರ ಪದ್ಧತಿಯಂತೆ ಮೂರು ಸಲ ಕುಡಿಯಬೇಕು. ಮೂರನೆಯದರ ಹೆಸರು ಬರಕಾ, ಎಂದರೆ ಆಶೀರ್ವಾದ. ದಿನಾ ಬರಕತ್ ಎನ್ನುವ ಇಲ್ಲಿನ ಭಟ್ಕಳದವರಿಗೆ ನಾನು ಬಿಡಿಸಿ ಹೇಳಬೇಕೆ? ನಾನೋ ಎರಡಕ್ಕೇ ಎದ್ದು ಓಡುವವನು. "ಅಣ್ಣಾ, ಆಶೀರ್ವಾದ ಬಿಟ್ಟೇ ಹೋಗ್ತೀರಲ್ಲ" ಎಂದು ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ ಬೈಯುತ್ತಿದ್ದಳು.

ಈಸ್ಟರಿಗೆ ಮುಂಚಿನ ನಲವತ್ತು ದಿನ ನಾನು ಕಾಫಿ ಬಿಡುವವನು. ಆಕೆಯೂ ಕ್ರೈಸ್ತಳೇ, ಉಪವಾಸದವಳೇ. ಆದರೆ ಅವರ ಪಂಚಾಂಗ ಬೇರೆ, ಹೆಚ್ಚಿನ ವರ್ಷ ಹಬ್ಬ ನಮ್ಮದಕ್ಕಿಂತ ತಡ. "ನೀವು ಮೊಟ್ಟೆ ತಿನ್ನುವಾಗ ನನಗಿನ್ನೂ ಬೇಳೆಯೇ ಗತಿ" ಎಂದು ನಗುತ್ತಿದ್ದಳು.

ಐದು ವರ್ಷದ ಹಿಂದೆ, ಉಪವಾಸದ ದಿನಗಳಲ್ಲೇ, ಇಕಾಮಾ, ಎಂದರೆ ಇಲ್ಲಿರುವ ಪರವಾನಗಿಯ ನವೀಕರಣಕ್ಕೆಂದು ಆಕೆಯ ರಕ್ತ ನನ್ನ ಕೈಗೆ ಬಂತು. ಎಚ್‌ಐವಿ. ಅದು ಬಟ್ಟಲಿನಿಂದ ಹರಡುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೋಡೆಗೆ ಆ ಪೋಸ್ಟರು ಅಂಟಿಸಿದವನೇ ನಾನು! ಆದರೂ ಸೋಂಕಿನ ಸ್ಯಾಂಪಲ್ಲಿಗೆ ಹಚ್ಚುವ ಕೆಂಪು ಟೇಪು ಒಂದು ತುಂಡು ಹರಿದು ಆಕೆಯ ಬಟ್ಟಲಿಗೆ ಅಂಟಿಸಿದೆ. ಯಾರಿಗೂ ಒಂದು ಮಾತು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಆ ಟೇಪಿನ ಅರ್ಥ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಗೊತ್ತು. ಸಂಜೆಯೊಳಗೆ ಆಕೆಯ ಕೋಣೆಗೂ ಸುದ್ದಿ ಮುಟ್ಟಿತು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಆಕೆಯ ದೇಶದ ಹೆಂಗಸರೇ ಹಾಸಿಗೆಯನ್ನು ಬಾಗಿಲ ಹೊರಗಿಟ್ಟರು.

ಹೇಗೆ ತಡೆದುಕೊಂಡಳೋ! ಆ ಕಾಯಿಲೆಯವರಿಗೆ ಇಲ್ಲಿ ಇಕಾಮಾ ಇಲ್ಲ. ದೇಶಕ್ಕೆ ವಾಪಸು ಕಳಿಸುವ ಕಾಗದ ತಯಾರಾಗುವವರೆಗೆ ದಿನವೂ ಬೀಜ ಹುರಿದಳು, ಎಲ್ಲರಿಗೂ ಸುರಿದಳು. ಯಾರೂ ಮುಟ್ಟಲಿಲ್ಲ. ಚೆಲ್ಲಿ, ತೊಳೆದಿಟ್ಟು, ಮರುದಿನ ಮತ್ತೆ ಸುರಿದಳು. ನನಗೆ ಉಪವಾಸದ ನೆಪವಿತ್ತು.

ಹೊರಡುವ ದಿನ ನನ್ನ ಮುಂದೆ ಬಟ್ಟಲಿಟ್ಟಳು. "ಉಪವಾಸ" ಎಂದೆ.

"ಅಣ್ಣಾ, ನಿಮ್ಮ ಹಬ್ಬ ಮುಗಿದು ಎಂಟು ದಿನ ಆಯ್ತು. ಉಪವಾಸ ಇರೋದು ನನಗೆ."

ಕೋಪವಿರಲಿಲ್ಲ ಆ ದನಿಯಲ್ಲಿ. ಕಾಫಿ ಅಲ್ಲೇ ತಣ್ಣಗಾಯಿತು. ನಾನು ಊರು ಯಾವುದೆಂದೂ ಕೇಳಲಿಲ್ಲ.

ರಿಯಾದಿಗೆ ಹೋದಾಗ ಬತ್ಹಾ ಪೇಟೆಯ ಇಥಿಯೋಪಿಯಾದವರ ಅಂಗಡಿಗಳಿಂದ ಬೀಜ ಹುರಿಯುವ ವಾಸನೆ ಬಂದರೆ ಈಗಲೂ ನಿಂತುಬಿಡುತ್ತೇನೆ. ಒಳಗೆ ಹೋಗಿ ವಿಚಾರಿಸಿದ್ದೂ ಇದೆ. ಆ ಹೆಸರಿನವರು ನೂರು ಮಂದಿ ಇದ್ದಾರೆ ಎನ್ನುತ್ತಾರೆ. ಮದ್ದು ಸಿಕ್ಕಿದರೆ ಆ ಕಾಯಿಲೆ ಇಟ್ಟುಕೊಂಡೇ ಮುದುಕಿಯಾಗಬಹುದು. ಆಗಲಿ. ನನಗೆ ಒಮ್ಮೆ ಆಕೆಯನ್ನು ನೋಡಬೇಕು, ಮೂರೂ ಸಲ ಕುಡಿಯಬೇಕು.

ನ್ಯಾನ್ಸಿ, ನೀನು ವರ್ಷವೂ ಕೇಳುತ್ತೀ, "ಹಬ್ಬ ಮುಗಿದ ಮೇಲೂ ನಿಮಗೆ ಎಂತ ಉಪವಾಸ ಮಾರಾಯ್ರೆ?" ಪಿತ್ತ ಎನ್ನುತ್ತಿದ್ದೆ. ಇವತ್ತು ಯಹ್ಯಾ ಸಾಹೇಬರು ಕೈಯಾರೆ ಕೊಟ್ಟ ಕಾಫಿಯನ್ನೂ ಪಿತ್ತವೆಂದೇ ಹಿಂದೆ ಕಳಿಸಿದೆ. ಪಿತ್ತವಲ್ಲ. ಆಕೆಯ ಹಬ್ಬ ಬರುವ ಭಾನುವಾರ, ಅಲ್ಲಿಯವರೆಗೂ ನನಗೆ ಕಾಫಿಯಿಲ್ಲ. ಅಂದು ಹೇಳಿದ ಸುಳ್ಳನ್ನು ವರ್ಷವೂ ನಿಜ ಮಾಡುತ್ತಿದ್ದೇನೆ. ಅದರಿಂದ ಆಕೆಗೇನು ಬಂತು? ಏನೂ ಇಲ್ಲ.

ನಿಮ್ಮ ಶಾಲಿಗೆ, ಇಷ್ಟು ಹೊತ್ತಿನ ತಾಳ್ಮೆಗೆ ನಾನು ಋಣಿ. ಊರಿಗೆ ಒಯ್ಯುವ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ, ಆಕೆ ಬಿಟ್ಟುಹೋದ ಆ ಬಟ್ಟಲಿದೆ. ಟೇಪು ಕಿತ್ತಿದ್ದೇನೆ. ಅಂಟು ಮಾತ್ರ ಎಷ್ಟು ತಿಕ್ಕಿದರೂ ಹೋಗಿಲ್ಲ.

ಎಲ್ಲರಿಗೂ, ಇಲ್ಲಿಲ್ಲದ ಆಕೆಗೂ, ನಮಸ್ಕಾರ.