ಇದ್ದೂ ಇಲ್ಲದ ಸಾಲು

ಆ ದೀಪ ಸ್ವಲ್ಪ ಸಣ್ಣದು ಮಾಡಿ, ಕಣ್ಣಿಗೆ ಹೊಡೆಯುತ್ತಿದೆ. ಇದು ಕಟ್ಟಿದ ಕತೆಯಲ್ಲ, ನನ್ನ ದೊಡ್ಡಮ್ಮನ ಮಗಳು ಎಡೆಲ್ಮಾಗೆ ಆದದ್ದು. ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು.

ಆವತ್ತು ರಾತ್ರಿ ಎರಡು ದಾಟಿತ್ತು. ಎಡೆಲ್ಮಾ ಸಾನ್ ಸೆಲೆಸ್ತಿನೊ ಊರಿನ ನೀರು ಸರಬರಾಜು ಕಚೇರಿಯಿಂದ ಮನೆಗೆ ನಡೆದು ಬರುತ್ತಿದ್ದಳು. ಪಂಪು ನಡೆಸುವ ಹಳೇ ಕಂಪ್ಯೂಟರ್ ತೆಗೆದು ಹೊಸದು ಕೂರಿಸುವ ಕೆಲಸ ಹಿಡಿದ ಮೂರು ತಿಂಗಳಿಂದ ಅವಳದು ಇದೇ ಪಾಡು. ಕಣ್ಣು ಉರಿ, ಸೊಂಟ ನೋವು. ಯಾರಾದರೂ "ಹೇಗಿದ್ದೀ?" ಅಂದರೆ ಅತ್ತುಬಿಡುವಷ್ಟು ಸುಸ್ತು.

ನದಿಯ ಕಡೆ ಇಳಿಯುವ ದಾರಿಯಲ್ಲಿ ದೊಡ್ಡ ಒಂಬು ಮರ. ಅದರಾಚೆ ಇನ್ನೂರು ಹೆಜ್ಜೆಗೆ ಪಂಪ್‌ಹೌಸು. ಅದರೊಳಗೆ ಮೂವತ್ತಡಿಯ ಬಾವಿ.

ಮರದ ಹತ್ತಿರ ಬಂದಾಗ ಸದ್ದು ಕೇಳಿತು.

ಸುರ್ರ್... ಗೊರ್... ಗೊರ್...

ಮಾಟೆ ಎಂಬ ಎಲೆಚಹಾ ಕುಡಿಯುವವರು, ಸೋರೆ ಬುರುಡೆಯ ತಳದಲ್ಲಿ ನೀರು ಮುಗಿದ ಮೇಲೂ ಕೊಳವೆ ಬಿಡದೆ ಎಳೆದರೆ ಬರುತ್ತದಲ್ಲ, ಆ ಸದ್ದು. ಆಮೇಲೆ ಟಕ್... ಟಕ್. ಫ್ಲಾಸ್ಕಿನ ಮುಚ್ಚಳಕ್ಕೆ ಉಗುರಿನಿಂದ ಎರಡು ಸಲ ತಟ್ಟಿದ್ದು.

ಎಡೆಲ್ಮಾಳ ಕಾಲು ಅಲ್ಲೇ ನಿಂತಿತು. ಹಾಗೆ ತಟ್ಟುತ್ತಿದ್ದವರು ಊರಿಗೆಲ್ಲ ಒಬ್ಬರೇ, ದೋನ್ ಇರಾಸ್ಮೊ. ಅವರನ್ನು ಮಣ್ಣು ಮಾಡಿ ಹದಿನಾಲ್ಕು ತಿಂಗಳಾಗಿತ್ತು.

ಇಪ್ಪತ್ತು ವರ್ಷ ಅವಳ ಪಕ್ಕದ ಮೇಜಿನವರು ಅವರು. ಇಬ್ಬರೂ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು; ಬರೆದದ್ದನ್ನು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ ಯಂತ್ರದ ಭಾಷೆಗೆ ತಿರುಗಿಸಿಕೊಡುತ್ತದೆ. ಇಬ್ಬರಿಗೂ ದಿನಾ ಜಗಳ. ದೋನ್ ಇರಾಸ್ಮೊ ಮೇಜಿನ ಮೇಲೆ ಸಿ ಭಾಷೆಯ ನಿಯಮದ ಪುಸ್ತಕ. ಅದರಲ್ಲಿ ಇಲ್ಲದ್ದನ್ನು ಅವರು ತಾವೂ ಬರೆಯರು, ಬೇರೆಯವರಿಗೂ ಬರೆಯಗೊಡರು. ಜಗಳದ ಮೂಲ ಎಡೆಲ್ಮಾ ಬರೆದ ಒಂದು ಸಾಲು. ಬಾವಿಯ ಜಾಲರಿ ತೊಳೆಯಲು ಆಳು ಇಳಿಯುವ ಮುಂಚೆ ಒಂದು ಗುಂಡಿ ಒತ್ತುತ್ತಾನೆ. ಪ್ರೋಗ್ರಾಂ ಆ ಹೊತ್ತಿಗೆ ಇಪ್ಪತ್ತು ನಿಮಿಷ ಕೂಡಿಸಿ, ಅಲ್ಲಿಯವರೆಗೆ ಪಂಪು ಏಳದಂತೆ ತಡೆದಿಡುತ್ತದೆ. ಆದರೆ ಶುರುವಾದಾಗಿನಿಂದ ಹೊತ್ತನ್ನು ಎಣಿಸುತ್ತ ಹೋಗುವ ಕಂಪ್ಯೂಟರಿನ ಎಣಿಕೆಗೂ ಒಂದು ಮಿತಿಯಿದೆ. ಅದನ್ನು ದಾಟಿದರೆ ಲೆಕ್ಕ ಮಗುಚಿ ಸೊನ್ನೆಗಿಂತ ಕೆಳಗೆ ಬೀಳುತ್ತದೆ. ಆಗ ಗಡುವು ಯಾವತ್ತೋ ಮುಗಿದುಹೋಯಿತೆಂದು ಪ್ರೋಗ್ರಾಂ ತಿಳಿದುಕೊಳ್ಳುತ್ತದೆ. ಅದಕ್ಕೇ ಎಡೆಲ್ಮಾ ಕಾವಲಿಗೆ ಒಂದು ಸಾಲು ಹಾಕಿದ್ದಳು. ಕೂಡಿಸಿದ ಮೇಲೆ ಸಂಖ್ಯೆ ಮುಂಚಿಗಿಂತ ಸಣ್ಣದಾಯಿತೇ? ಹಾಗಾದರೆ ಮಗುಚಿದೆ, ಪಂಪು ಬಿಡಬೇಡ.

"ಮಿತಿ ದಾಟಿದರೆ ಏನಾಗುತ್ತೆ ಅಂತ ಪುಸ್ತಕ ಹೇಳಲ್ಲ. ಕೂಡಿಸೋಕೆ ಮುಂಚೆ ಜಾಗ ಇದೆಯಾ ನೋಡು," ಎನ್ನುತ್ತಿದ್ದರು ದೋನ್ ಇರಾಸ್ಮೊ.

"ನಮ್ಮ ಮೂರೂ ಯಂತ್ರದಲ್ಲಿ ಮಗುಚುತ್ತೆ ದೋನ್ ಇರಾಸ್ಮೊ. ಇದನ್ನೇನು ಚಂದ್ರನ ಮೇಲೆ ಓಡಿಸ್ತೀವಾ?"

"ನಾಲ್ಕನೇದು ಬಂದೇ ಬರುತ್ತೆ, ಹುಡುಗಿ."

ಸಾಲು ಓಡುತ್ತಿತ್ತು, ಅದೂ ನಿಜ. ಅಂಥ ಸಾಲುಗಳು ನಲವತ್ತು ಕಡೆ ಇದ್ದವು. ನಲವತ್ತನ್ನೂ ತಿದ್ದಿ ಪರೀಕ್ಷೆ ಮಾಡುವವರು ಯಾರು? ಎಡೆಲ್ಮಾ ಒಬ್ಬಳೇ.

ಇನ್ನೊಂದು ಸಂಗತಿಯಿದೆ. ಪ್ರೋಗ್ರಾಂ ಬದಲಾದಾಗಲೆಲ್ಲ ಒಂದು ಹಾಳೆಗೆ ಎರಡು ಸಹಿ ಬೀಳಬೇಕು, ಬರೆದವರದೊಂದು, ಪರಿಶೀಲಿಸಿದವರದೊಂದು. ಆ ಹಾಳೆ ಪಂಪ್‌ಹೌಸಿನ ಮೊಳೆಗೆ ಸಿಕ್ಕಿಸಿದ ಮೇಲೆಯೇ ಬಾವಿಗೆ ಆಳು ಇಳಿಯುವುದು. ಹಾಳೆಯ ಎರಡನೇ ಗೆರೆಯ ಕೆಳಗೆ ದೋನ್ ಇರಾಸ್ಮೊ ಹೆಸರೇ ಅಚ್ಚಾಗಿತ್ತು. ಮನುಷ್ಯ ಹೋದರೂ ಅಚ್ಚು ಹಾಕಿಸಿದ್ದ ಹಾಳೆಗಳ ಕಟ್ಟು ಮುಗಿದಿರಲಿಲ್ಲ. "ಅವರದೂ ನೀನೇ ಏನಾದರೂ ಗೀಚಮ್ಮ, ಯಾರು ನೋಡ್ತಾರೆ?" ಎಂದರು ಎಂಜಿನಿಯರು, ಹೊಸ ಕಂಪ್ಯೂಟರಿನ ಹಾಳೆಗೆ ಸಹಿ ಬೇಕಾದಾಗ. ಎಡೆಲ್ಮಾ ಗೀಚಿದಳು. ಅವರ ಸಹಿ ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ನೀಲಿ ಶಾಯಿ, ಕೊನೆಯಲ್ಲೊಂದು ಸುಳಿ. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲವಂತೆ, ಆದರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದಳು.

ಈಗ ಮರದ ಬುಡದಿಂದ ಪಿಸುಮಾತು ಬಂತು.

"ಆ ಸಾಲು ಇಲ್ಲ, ಮಗಳೇ..."

ಬೇರೆ ಯಾರಾದರೂ ಕಿರುಚುತ್ತಿದ್ದರು. ಎಡೆಲ್ಮಾಗೆ ಹೆದರಲೂ ತ್ರಾಣವಿರಲಿಲ್ಲ. ಮೊದಲು ಸಿಟ್ಟೇ ಬಂತಂತೆ.

"ಇದೆ. ಸಂಜೆ ತಾನೇ ನೋಡಿದ್ದೀನಿ."

"ನೀನು ಬರೆದದ್ದರಲ್ಲಿ ಇದೆ. ಯಂತ್ರಕ್ಕೆ ಹೋದದ್ದರಲ್ಲಿ ಇಲ್ಲ."

"ಸತ್ತ ಮೇಲಾದರೂ ಸುಮ್ಮನಿರಬಾರದಾ, ದೋನ್ ಇರಾಸ್ಮೊ?"

"ನನಗೂ ಸಾಕಾಗಿದೆ..." ಗೊರ್... ಗೊರ್... "ಹೊಸ ಕಂಪೈಲರ್ ಪುಸ್ತಕ ಓದಿಕೊಂಡಿದೆ. ಆಗಬಾರದ್ದು ಆಗೋದೇ ಇಲ್ಲ ಅಂತ ನಂಬಿಕೊಂಡಿದೆ. ಆಗದೇ ಇರೋದಕ್ಕೆ ಕಾವಲೇಕೆ ಅಂತ ನಿನ್ನ ಸಾಲನ್ನ ಕಿತ್ತುಹಾಕಿದೆ."

ಟಕ್... ಟಕ್.

"ಎಣಿಕೆ ಯಾವಾಗ ತುಂಬುತ್ತೆ?"

ಅವಳು ಬೆರಳು ಮಡಿಸಿದಳು. ಯಂತ್ರ ಶುರುವಾದ ಮೇಲೆ ಇಪ್ಪತ್ತನಾಲ್ಕು ದಿನ, ಇಪ್ಪತ್ತು ಗಂಟೆ, ಮೂವತ್ತೊಂದು ನಿಮಿಷ. ಹೊಸ ಯಂತ್ರ ಶುರು ಮಾಡಿದ್ದು ಇಪ್ಪತ್ತೈದು ದಿನದ ಹಿಂದೆ, ಬೆಳಗಿನ ಜಾವ ಐದೂ ಮುಕ್ಕಾಲಿಗೆ. ಹಾಗಾದರೆ ತುಂಬುವುದು... ಈ ರಾತ್ರಿ ಎರಡೂ ಹದಿನಾರಕ್ಕೆ.

"ನಿನ್ನ ತಮ್ಮ ಬಾವಿಗೆ ಎಷ್ಟು ಹೊತ್ತಿಗೆ ಇಳೀತಾನೆ?"

ಊರು ಮಲಗಿರುವಾಗಲೇ ಜಾಲರಿ ತೊಳೆಯುವುದು. ಎರಡು ದಾಟಿದ ಮೇಲೆ. ಎಡೆಲ್ಮಾ ಮೊಬೈಲು ನೋಡಿದಳು. ಎರಡೂ ಎಂಟು. ವಾಲ್ಡೆಮಾರ್ ಇಷ್ಟು ಹೊತ್ತಿಗೆ ಗುಂಡಿ ಒತ್ತಿರುತ್ತಾನೆ, ಅದಕ್ಕೆ ಇಪ್ಪತ್ತು ನಿಮಿಷ ಕೂಡಿಸಿದರೆ ಎರಡೂ ಹದಿನಾರು ದಾಟಿ ಲೆಕ್ಕ ಮಗುಚಿರುತ್ತದೆ. ತಡೆ ಬಿದ್ದಿದೆಯೆಂದು ನಂಬಿ ಏಣಿ ಇಳಿಯುತ್ತಿರುತ್ತಾನೆ. ಗುಡ್ಡದ ಮೇಲಿನ ಟ್ಯಾಂಕು ನೀರು ಕೇಳಿದ ಕ್ಷಣ ಪಂಪು ಏಳುತ್ತದೆ. ಕೆಳಗಿದ್ದವನು ಜಾಲರಿಗೆ ಅಂಟಿಕೊಂಡರೆ ಮೇಲೆ ಬರುವುದು ಹೆಣವೇ.

ಓಡಿದಳು. ಚಪ್ಪಲಿ ಎಲ್ಲೋ ಹೋಯಿತು. ಅರ್ಧ ದಾರಿಯಲ್ಲಿ ಕೇಳಿತು... ಕಟ್ ಎಂದು ವಿದ್ಯುತ್ತಿನ ಸದ್ದು. ಹೂಂ... ಎಂದು ಮೋಟಾರು ಎದ್ದಿತು. ಕೊನೆಗೆ ಬಾವಿಯ ಆಳದಿಂದ ದಬದಬ ನೀರು ಎಳೆಯುವ ಸದ್ದು.

"ವಾಲ್ಡೇ!" ಎಂದು ಕೂಗಿಕೊಂಡಳು. ಅವಳಿಗೆ ಇದ್ದ ಒಬ್ಬನೇ ತಮ್ಮ. ಹತ್ತು ವರ್ಷ ಬ್ರೆಜಿಲಿನಲ್ಲಿ ಅಲೆದು ಬಂದವನಿಗೆ ಈ ಕೆಲಸ ಕೊಡಿಸಿದ್ದೂ ಅವಳೇ.

ಬಾಗಿಲು ತಳ್ಳಿದರೆ ಅವನು ಗೋಡೆಯ ಹತ್ತಿರ ನಿಂತಿದ್ದ. ಬಟ್ಟೆ ಒಣಗಿಯೇ ಇತ್ತು. ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ.

"ಅಕ್ಕಾ... ಗುಂಡಿ ಒತ್ತಿದ್ದೆ ಕಣೇ. ದೇವರಾಣೆ ಒತ್ತಿದ್ದೆ. ಆದರೂ ಹೇಗೆ ಎದ್ದಿತು?"

"ನೀನು ಯಾಕೋ ಇಳೀಲಿಲ್ಲ?"

"ಯಾರೋ ಮುದುಕಪ್ಪ ಏಣಿ ಹಿಡ್ಕೊಂಡು ನಿಂತಿದ್ದ. ಕಂಕುಳಲ್ಲಿ ಫ್ಲಾಸ್ಕು. 'ಎರಡು ಸಹಿ ಬಿದ್ದಿದೆಯಾ?' ಅಂದ. 'ಬಿದ್ದಿದೆ, ಮೊಳೆ ಮೇಲಿದೆ' ಅಂದೆ. 'ಹೋಗಿ ನೋಡ್ಕೊಂಡು ಬಾ' ಅಂದ. ನಮ್ಮ ಕಚೇರಿಯವನೇ ಇರಬೇಕು ಅಂತ ಬಂದು ನೋಡಿದೆ..."

"ಎಷ್ಟು ಹೊತ್ತಿಗೆ ಬಂದಿದ್ದ?"

"ಈಗ ತಾನೇ. ಎರಡೂ ಎಂಟು ಆಗಿತ್ತು. ಯಾಕೆ?"

ಅವಳು ಕೆಂಪು ಗುಂಡಿ ಒತ್ತಿ ಪಂಪು ನಿಲ್ಲಿಸಿ, ನೆಲದ ಮೇಲೆ ಕುಳಿತು ಅತ್ತಳು. ಮೂರು ತಿಂಗಳದ್ದೆಲ್ಲ ಅತ್ತಳು.

ಮರುದಿನ, ಕಂಪೈಲರ್ ಯಂತ್ರಕ್ಕೆ ಕೊಟ್ಟದ್ದನ್ನು ಬಿಚ್ಚಿಸಿ ಒಂದೊಂದೇ ಹೆಜ್ಜೆ ಓದಿದಳು. ಸಾಲು ನಿಜಕ್ಕೂ ಇರಲಿಲ್ಲ. ಅದರ ಹಿಂದಿನದಿತ್ತು, ಮುಂದಿನದಿತ್ತು. ಹಳೇ ಯಂತ್ರವನ್ನೇ ತಿರುಗಿ ಕೂರಿಸಿ, ಆರು ವಾರ ಕೂತು ನಲವತ್ತೂ ಕಡೆ ಪುಸ್ತಕದ ಪ್ರಕಾರ ತಿದ್ದಿದಳು. ಈಗ ಅವಳಿಗೆ ತಲೆಯೆಲ್ಲ ನೆರೆತಿದೆ. ವಾಲ್ಡೆಮಾರ್ ಇನ್ನೂ ಅದೇ ಕೆಲಸದಲ್ಲಿದ್ದಾನೆ, ಬೇಕಾದರೆ ಹೋಗಿ ಕೇಳಿ.

ಆ ರಾತ್ರಿ ಮೊಳೆಯಲ್ಲಿದ್ದ ಹಾಳೆಯನ್ನು ಎಡೆಲ್ಮಾ ತೆಗೆದಿಟ್ಟುಕೊಂಡಿದ್ದಾಳೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ, ದೀಪಕ್ಕೆ ಅಡ್ಡ ಹಿಡಿದೂ ನೋಡಿದ್ದೇನೆ. ಮೇಲಿನ ಗೆರೆಯಲ್ಲಿ ಅವಳ ಸಹಿ ಇದೆ, ನೀಲಿ ಶಾಯಿ. ಕೆಳಗಿನ ಗೆರೆ ಖಾಲಿ. ಉಜ್ಜಿದ ಗುರುತಿಲ್ಲ, ಕೆರೆದ ಗುರುತಿಲ್ಲ... ಪೆನ್ನು ಒತ್ತಿದ ಗುರುತೂ ಇಲ್ಲ.