ಖಾಲಿ ಕವರ್

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಗಳು ಕೂತಿದ್ದರು. ಕಾರ್ತಿಕದ ಲಕ್ಷಬತ್ತಿ ಪೂಜೆಗೆಂದು ಹೊಸೆದ ಹತ್ತಿಯ ಬತ್ತಿಗಳು ಅಜ್ಜಿಯ ಮಡಿಲಲ್ಲಿದ್ದವು. ಚೀಟಿ, ಪೆನ್ನು ಮೊಮ್ಮಗಳ ಕೈಯಲ್ಲಿ.

“ಬರ್ಕೋ ಇಂಪನಾ. ಹತ್ತು ಸಾವಿರದ ಚೀಲ ಎರಡು, ನೂರರ ಕಟ್ಟು ನಾಲ್ಕು. ಬಿಡಿ ಇಲ್ಲ.”

“ಎರಡು, ನಾಲ್ಕು, ಆಮೇಲೆ ಎರಡು ಸೊನ್ನೆ. ಆಯ್ತಜ್ಜಿ.”

“ಎಷ್ಟಾಯ್ತು, ಓದು.”

“ಎರಡು ಸಾವಿರದ ನಾನೂರು.”

ಒಂದು ಕ್ಷಣ ನನಗೂ ಸರಿ ಅನಿಸಿತ್ತು.

“ಮೂರು ತಿಂಗಳು ಹೊಸೆದಿದ್ದೀನಿ ಮಾರಾಯ್ತಿ, ಅಷ್ಟೇನಾ? ಪೂಜೆ ಮಾಡೋ ಕಡೆ ಎಲ್ಲರ ಮನೆ ಚೀಟೀನೂ ಕೂಡಿಸ್ತಾರೆ. ಹಿಂಗೆ ಬರೆದ್ರೆ ಲಕ್ಷ ತುಂಬಲ್ಲ.”

“ನೀನು ಹೇಳಿದ್ದನ್ನೇ ಬರೆದಿದ್ದು.”

“ಸಾವಿರದ ಕವರ್ ಎಲ್ಲಿ?”

“ಅದು ಖಾಲಿ. ಮಡಚಿ ಇಟ್ಟೆ.”

“ತೆಗಿ. ಚೀಲಕ್ಕೂ ಕಟ್ಟಿಗೂ ಮಧ್ಯ ಇಡು. ಹತ್ತು ಕಟ್ಟು ಆದ್ರೆ ಆ ಕವರಿಗೆ ಹೋಗುತ್ತೆ, ಹತ್ತು ಕವರ್ ಆದ್ರೆ ಚೀಲಕ್ಕೆ. ಖಾಲಿ ಇದ್ರೂ ಅದರ ಜಾಗ ಅದಕ್ಕೆ.”

ಹುಡುಗಿ ಮೂರನ್ನೂ ಸಾಲಾಗಿ ಇಟ್ಟು ನೋಡಿದಳು.

“ಹಂಗಾದ್ರೆ ಎರಡರ ಪಕ್ಕ ಒಂದು ಸೊನ್ನೆ ಬರುತ್ತೆ. ಇಪ್ಪತ್ತು ಸಾವಿರದ ನಾನೂರು.”

“ಈಗ ನನ್ನ ಬೆರಳು ನೋವಿಗೂ ಲೆಕ್ಕಕ್ಕೂ ಸರಿಹೋಯ್ತು.”

ವಿದ್ಯಾನಗರ ಬಂತು. ಅಜ್ಜಿ ಚೀಲ, ಕಟ್ಟುಗಳನ್ನು ಎತ್ತಿಕೊಂಡು ಬಾಗಿಲಿನತ್ತ ನಡೆದರು. ಹುಡುಗಿ ಸೀಟಿನ ಕಡೆ ತಿರುಗಿದಳು.

“ಅಜ್ಜಿ, ಕವರ್ ಬಿಟ್ಟು ಹೊರಟ್ಯಲ್ಲ.”

“ಖಾಲಿ ತಾನೇ, ಇರ್ಲಿ ಬಾ.”

“ಬಿಟ್ರೆ ಹದಿನೆಂಟು ಸಾವಿರ ಹೋಗುತ್ತೆ.”

ಅಜ್ಜಿ ಮೆಟ್ಟಿಲ ಮೇಲೆ ನಿಂತು, ಕವರಿಗೆ ಕೈ ಚಾಚಿದರು.