ಕೆಂಪಿನಿಂದ ನೀಲಿಗೆ ಬಂದ ಚುಕ್ಕಿ

…ಬರುತ್ತೆ ಅತ್ತೆ, ಟ್ಯಾಕ್ಸಿ ಎಲ್ಲಿಗೆ ಹೋಗುತ್ತೆ! ಕರೆದೆಯಾ, ಕರೆದೆಯಾ ಅಂತ ಎಷ್ಟು ಸಲ ಕೇಳ್ತೀರಿ? ನಿಮ್ಮ ಮಗಳ ಮನೆಯೇನು ಓಡಿಹೋಗುತ್ತಾ? ಬ್ಯಾಗು ಬಾಗಿಲ ಹತ್ತಿರವೇ ಇರಲಿ, ನೀವು ಇಲ್ಲಿ ಕೂತ್ಕೊಳ್ಳಿ. ನನ್ನ ಜೊತೆ ಮಾತಾಡದಿದ್ದರೂ ಸರಿ, ಈ ಸ್ಕ್ರೀನು ನೋಡಿದರೆ ಸಾಕು.

ದಿನಾ ಕಂಪ್ಯೂಟರ್ ಮುಂದೆ ಏನು ಕಡಿದು ಕಟ್ಟೆ ಹಾಕ್ತೀಯ ಅಂತಿದ್ದಿರಲ್ಲ? ಇದೇ. ಮೈಯೊಳಗೆ ರೋಗದ ಜೊತೆ ಹೊಡೆದಾಡೋಕೆ ಅಂತ ಪ್ರೋಟೀನುಗಳಿವೆ. ಯಾವುದರ ಕೆಲಸ ಏನು ಅಂತ ಗುಂಪು ಮಾಡೋದನ್ನ ಕಂಪ್ಯೂಟರಿಗೆ ಕಲಿಸ್ತಿದ್ದೀನಿ. ಇಲ್ಲಿ ಒಂದೊಂದು ಚುಕ್ಕಿ ಒಂದೊಂದು ಪ್ರೋಟೀನು. ಕೆಂಪು ಚುಕ್ಕಿಯವರು 'ಹೊಡಿ, ಬಿಡಬೇಡ' ಅನ್ನೋರು. ನೀಲಿಯವರು 'ಸಾಕು, ಬಿಡು' ಅನ್ನೋರು.

ಯಾಕೆ ನಗ್ತೀರಿ? ಇಲ್ಲಪ್ಪ, ಕೆಂಪಿನಲ್ಲಿ ನಿಮ್ಮನ್ನ ಹಾಕಿಲ್ಲ!

ಈ ಚುಕ್ಕಿ ನೋಡಿ. ಪಕ್ಕದ್ದರ ಜೊತೆ ಒಡಹುಟ್ಟಿದ ಹಾಗಿದೆ, ಅಲ್ವಾ? ಅದೇ ಕಣ್ಣು, ಅದೇ ಮೂಗು… ಸರಿ, ಪ್ರೋಟೀನಿಗೆ ಮೂಗಿಲ್ಲ, ಮಾತಿಗೆ ಹೇಳಿದೆ. ಇಬ್ಬರೂ ಇರೋದು ಜಗಳದ ನಟ್ಟನಡುವೆಯೇ. ನನ್ನ ಪೆದ್ದು ಪ್ರೋಗ್ರಾಮು ಮುಖ ನೋಡ್ತು, ಎರಡನ್ನೂ ಎತ್ತಿ ಕೆಂಪಿಗೆ ಹಾಕ್ತು. ಆದರೆ ಇದರ ಕೆಲಸ ಜಗಳ ನಿಲ್ಲಿಸೋದು ಅತ್ತೆ! ಇಲಿಗಳಲ್ಲಿ ಇದೊಂದನ್ನ ತೆಗೆದು ನೋಡಿದ್ದಾರೆ. ರೋಗವೂ ಇಲ್ಲ, ಏನೂ ಇಲ್ಲ… ಒಳಗಿನ ಸಿಪಾಯಿಗಳು ಸ್ವಂತ ಮೈಮೇಲೇ ಬಿದ್ದುಬಿಟ್ಟರು.

ಇಲಿ ಪಾಪ ಅಂತೀರಾ? ನಾವು ಪಾಪ ಅಲ್ವಾ? ನಿನ್ನೆ ನಾನೂ ನಿಮ್ಮ ಮಗನೂ ಕಿತ್ತಾಡುವಾಗ ನೀವು ಬಂದು ಇಬ್ಬರಿಗೂ ಗದರಿದಿರಿ. ನಾನೇನಂದೆ? 'ಈ ಮನೇಲಿ ಜಗಳ ಹಚ್ಚೋದೇ ನೀವು' ಅಂದೆ… ನೀವು ಬಾಯಿಗೆ ಬೀಗ ಹಾಕಿಕೊಂಡಿರಿ. ಅಷ್ಟೇ! ಬೆಳಗ್ಗೆಯಿಂದ ಒದ್ದೆ ಟವೆಲಿಗೆ ಒಂದು ಜಗಳ, ಇಸ್ತ್ರಿ ಪೆಟ್ಟಿಗೆಗೆ ಇನ್ನೊಂದು. ಆಮೇಲಿನದು ಯಾತಕ್ಕೆ ಅಂತ ನನಗೂ ನೆನಪಿಲ್ಲ, ಅವರಿಗೂ ನೆನಪಿಲ್ಲ. ನೀವು ಬಟ್ಟೆ ಮಡಚ್ತಾ ಎಲ್ಲಾ ಕೇಳಿಸಿಕೊಳ್ತಿದ್ದಿರಿ, ಗೊತ್ತು.

ಅದಕ್ಕೇ… ಈ ಚುಕ್ಕೀನ ನಾನೇ ನೀಲಿಗೆ ತಂದೆ. ಪ್ರೋಗ್ರಾಮನ್ನ ಬಯ್ಯೋ ಮುಖ ನನಗಿಲ್ಲ.

ಏನು? ಟ್ಯಾಕ್ಸಿಯವನಿಗೆ ಫೋನಾ? ಈಗ್ಯಾಕೆ… ನನ್ನ ಫೋನಲ್ಲಿ ಚಾರ್ಜಿಲ್ಲ. ಅವನೂ ಗಾಡಿ ಓಡಿಸ್ತಾ ಎತ್ತಲ್ಲ. ಯಾವುದೋ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕ್ಕೊಂಡಿರ್ತಾನೆ, ಬರ್ತಾನೆ…

ಅತ್ತೆ?

ಬಯ್ಯಿರಿ, ಬೇಕಾದರೆ.

ಹಾಗೆ ನೋಡಬೇಡಿ…

ಆಯ್ತು. ಟ್ಯಾಕ್ಸಿ ಕರೆದಿಲ್ಲ. ಕರೆದೇ ಇಲ್ಲ!

ಬ್ಯಾಗು ಯಾಕೆ ಎತ್ತಿಕೊಂಡಿರಿ? ಅತ್ತೆ… ಬಾಗಿಲು ಆ ಕಡೆ ಅಲ್ವಾ…

ಓ.

ಕೊಡಿ, ಕೊಡಿ. ನಿಮ್ಮ ರೂಮಿಗೆ ನಾನೇ ತರ್ತೀನಿ.